ಹಳೆಯ ಕ್ಯಾಸೆಟ್ಟಿನ ದನಿಗೆ ಪುಟ್ಟ ಕಂಪ್ಯೂಟರ್



ಗಡಿಭಾಗದ ನಮ್ಮ ಮನೆಗಳ ಕಪಾಟುಗಳಲ್ಲಿ ಇನ್ನೂ ಕನ್ನಡ ಕ್ಯಾಸೆಟ್‌ಗಳಿವೆ. ಕಾಸರಗೋಡಿನ ಕಡೆ ತಾಳಮದ್ದಳೆ, ಸೊಲ್ಲಾಪುರ, ಅಕ್ಕಲಕೋಟೆ ಕಡೆ ವಚನ, ತತ್ವಪದ, ಮನೆಯ ಹಿರಿಯರು ಹಾಡಿದ ಸೋಬಾನೆ. ಟೇಪ್ ರೆಕಾರ್ಡರ್ ಕೆಟ್ಟರೆ ರಿಪೇರಿ ಮಾಡುವವರು ಈಗ ಸಿಗುವುದು ಕಷ್ಟ. ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸಿಕೊಂಡವರೂ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಒಬ್ಬೊಬ್ಬರೇ ಕೇಳುತ್ತಾರೆ. ಮನೆಮಂದಿಯೆಲ್ಲ ಕೂತು ಕೇಳುವುದು ಹೇಗೆ ಎಂದು ಕೆಲವು ಸದಸ್ಯರು ವಿಚಾರಿಸಿದ್ದಾರೆ. ನಮಗೆ ತಿಳಿದುದನ್ನು ಇಲ್ಲಿ ಕೊಡುತ್ತಿದ್ದೇವೆ.

ಸಾಧನ ಯಾವುದು?

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ 2012ರಲ್ಲಿ ಮಾರಾಟಕ್ಕೆ ಬಂತು. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂಬುದು ಉದ್ದೇಶ. ಎಟಿಎಂ ಕಾರ್ಡಿನಷ್ಟು ಅಗಲದ ಒಂದೇ ಹಲಗೆಯಲ್ಲಿ ಎಲ್ಲವೂ ಇದೆ. ಹಾಡು ನುಡಿಸುವುದು ಇದಕ್ಕೆ ಹಗುರವಾದ ಕೆಲಸ.

ಆದರೆ ಒಂದು ಮಾತು ನೆನಪಿರಲಿ: ಒಳ್ಳೆಯ ದನಿ ಕೊಡುವುದು ಈ ಹಲಗೆಯಲ್ಲ. ಫೈಲಿನಲ್ಲಿರುವುದು ಬರೀ ಅಂಕಿಗಳು. ಅವನ್ನು ದನಿಯ ವಿದ್ಯುತ್ ಅಲೆಯಾಗಿ ಬದಲಿಸುವ ಭಾಗಕ್ಕೆ ಡ್ಯಾಕ್ ಎನ್ನುತ್ತಾರೆ. ಪೈ 4ರವರೆಗಿನ ದೊಡ್ಡ ಹಲಗೆಗಳಲ್ಲಿರುವ ಹೆಡ್‌ಫೋನ್ ತೂತು ಅಗ್ಗದ ಏರ್ಪಾಡು. ಅದರಲ್ಲಿ ಸಣ್ಣ ಸದ್ದು ಸೇರಿಕೊಳ್ಳುತ್ತದೆ. ಚೆಂಡೆಯ ಅಬ್ಬರದಲ್ಲಿ ಅದು ಕೇಳಿಸದು. ಅರ್ಥಧಾರಿ ದನಿ ತಗ್ಗಿಸಿ ಮಾತಾಡುವಾಗ ಕಿವಿಗೆ ಬೀಳುತ್ತದೆ. ಪೈ 5ರಲ್ಲಿ ಆ ತೂತೇ ಇಲ್ಲ.

ಆದ್ದರಿಂದ ಪ್ರತ್ಯೇಕ ಡ್ಯಾಕ್ ಬೇಕು. ಯುಎಸ್‌ಬಿಗೆ ಸಿಕ್ಕಿಸುವ ಡ್ಯಾಕ್ ಆಗಬಹುದು. ಇಲ್ಲವೇ ಪೈಯ 40 ಪಿನ್ನುಗಳ ಮೇಲೆ ಕೂರುವ ಹಲಗೆ ಆಗಬಹುದು. ರಾಸ್ಪ್‌ಬೆರಿ ಪೈ ಕಂಪನಿಯದೇ ಡ್ಯಾಕ್ ಪ್ಲಸ್ ಮತ್ತು ಹೈಫೈಬೆರಿಯ ಹಲಗೆಗಳು ಈ ಬಗೆಯವು.

ಜೋಡಿಸುವ ಕ್ರಮ

1. ಮೋಡ್, ವೋಲುಮಿಯೊ, ಪೈಕೋರ್‌ಪ್ಲೇಯರ್ ಎಂಬ ತಂತ್ರಾಂಶಗಳಲ್ಲಿ ಒಂದನ್ನು ಮೈಕ್ರೊ ಎಸ್‌ಡಿ ಕಾರ್ಡಿಗೆ ಬರೆದುಕೊಳ್ಳಿ. ಮನೆಯ ವೈಫೈಗೆ ಸೇರಿಸಿದರೆ ಮೊಬೈಲಿನ ಬ್ರೌಸರಿನಿಂದಲೇ ಹಾಡು ಆರಿಸಬಹುದು. ಟಿವಿ, ಕೀಬೋರ್ಡ್ ಬೇಡ.

2. ಹಾಡುಗಳಿರುವ ಪೆನ್‌ಡ್ರೈವ್ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಡ್ಯಾಕ್‌ನ ಹೆಸರು ಆರಿಸಿ.

3. ಡ್ಯಾಕ್‌ನ ಕೆಂಪು, ಬಿಳಿ ಪಿನ್ನಿನ ತಂತಿಯನ್ನು ಹಳೆಯ ಆಂಪ್ಲಿಫೈಯರಿನ ಆಕ್ಸ್ ಅಥವಾ ಟೇಪ್ ಇನ್‌ಪುಟ್‌ಗೆ ಕೊಡಿ. ಫೋನೊ ಎಂದು ಬರೆದಿರುವುದು ಗ್ರಾಮಫೋನ್ ತಟ್ಟೆಯ ಯಂತ್ರಕ್ಕೆ. ಅದಕ್ಕೆ ಕೊಟ್ಟರೆ ದನಿ ಒಡೆಯುತ್ತದೆ.

4. ಮೊಬೈಲ್ ಚಾರ್ಜರ್ ಸಾಲದೆ ಹೋಗಬಹುದು. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರೇ ಬೇಕು.

5. ಆರಿಸುವಾಗ ಮೊದಲು ಮೊಬೈಲಿನಲ್ಲಿ ಶಟ್‌ಡೌನ್ ಒತ್ತಿ, ಆಮೇಲೆ ಸ್ವಿಚ್ ತೆಗೆಯಿರಿ. ಇಲ್ಲವಾದರೆ ಕಾರ್ಡ್ ಕೆಡಬಹುದು. ಪದೇ ಪದೇ ಕರೆಂಟ್ ಹೋಗುವ ಊರಿನವರಿಗೆ ಪೈಕೋರ್‌ಪ್ಲೇಯರ್ ಅನುಕೂಲ: ಅದು ಪೂರ್ತಿಯಾಗಿ ಮೆಮೊರಿಯಲ್ಲೇ ನಡೆಯುವುದರಿಂದ ಕಾರ್ಡಿಗೆ ಅಪಾಯ ಕಡಿಮೆ.

ಫೈಲು ಹೇಗಿರಬೇಕು?

ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ, 16 ಬಿಟ್‌ನಲ್ಲಿ ಅಳೆದಿರುತ್ತಾರೆ. ಕ್ಯಾಸೆಟ್ಟಿನಲ್ಲಿರುವುದಕ್ಕೆ ಇಷ್ಟು ಧಾರಾಳ ಸಾಕು. 192 ಕಿಲೋಹರ್ಟ್ಸ್ ಎಂಬ ಅಂಕಿ ನೋಡಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಆ ಹಣ ಸ್ಪೀಕರಿಗೆ ಹಾಕಿದರೆ ಫಲ ಹೆಚ್ಚು. ಒಂದು ಗಂಟೆಯ ಕ್ಯಾಸೆಟ್ ಈ ಅಳತೆಯಲ್ಲಿ ಸುಮಾರು 635 ಎಂಬಿ ಆಗುತ್ತದೆ. ಫ್ಲ್ಯಾಕ್ ಎಂಬ ರೂಪದಲ್ಲಿ ಉಳಿಸಿದರೆ ಏನೂ ಕಳೆಯದೆ ಗಾತ್ರ ಸಾಕಷ್ಟು ಇಳಿಯುತ್ತದೆ. 64 ಜಿಬಿ ಪೆನ್‌ಡ್ರೈವ್‌ನಲ್ಲಿ ಅಂಥ ನೂರಕ್ಕೂ ಹೆಚ್ಚು ಕ್ಯಾಸೆಟ್ ಹಿಡಿಸುತ್ತವೆ.

ಎಂಪಿ3 ಇನ್ನೂ ಚಿಕ್ಕದು. ಆದರೆ ಅದು ಕಿವಿಗೆ ಅಷ್ಟಾಗಿ ತಿಳಿಯದು ಎಂದು ಲೆಕ್ಕ ಹಾಕಿ ಒಂದಷ್ಟು ದನಿಯನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಮತ್ತೆ ಬಾರದು. ಆಮೇಲೆ ಫ್ಲ್ಯಾಕ್ ಮಾಡಿದರೂ ಪ್ರಯೋಜನವಿಲ್ಲ. ಟೇಪು ಪ್ರತಿ ಸಲವೂ ಓಡೀತು ಎಂಬ ಭರವಸೆಯಿಲ್ಲ. ಹಾಗಾಗಿ ಏರಿಸುವಾಗಲೇ ಫ್ಲ್ಯಾಕ್‌ನಲ್ಲಿ ಏರಿಸಿ, ಬೇರೆ ಬೇರೆ ಮನೆಗಳಲ್ಲಿ ಎರಡು ಪ್ರತಿ ಇಡಿ.

ಕೊನೆಯದಾಗಿ, ಫ್ಲ್ಯಾಕ್ ಫೈಲಿನೊಳಗೇ ಹಾಡಿದವರ ಹೆಸರು, ಊರು, ವರ್ಷವನ್ನು ಕನ್ನಡ ಲಿಪಿಯಲ್ಲಿ ಬರೆದಿಡಬಹುದು. ಕ್ಯಾಸೆಟ್ಟಿನ ಚೀಟಿ ಉದುರಿಹೋದರೆ ದನಿ ಯಾರದೆಂದು ಹೇಳುವವರು ಮನೆಯಲ್ಲಿ ಒಬ್ಬಿಬ್ಬರು ಮಾತ್ರ ಉಳಿದಿರುತ್ತಾರೆ. ಅವರನ್ನು ಈಗಲೇ ಕೂರಿಸಿಕೊಂಡು ಕೇಳಿ, ಬರೆದುಕೊಳ್ಳಿ ಎಂದು ಸದಸ್ಯರಲ್ಲಿ ನಮ್ಮ ವಿನಂತಿ. ಜೋಡಣೆಯಲ್ಲಿ ಸಂದೇಹವಿದ್ದವರು ಮಾಸಿಕ ಸಭೆಗೆ ಸಾಮಾನು ಸಮೇತ ಬನ್ನಿ, ಕೂತು ನೋಡೋಣ.

ಇಂತಿ,
ಕಾರ್ಯದರ್ಶಿ