ಹುಳಿಯಾದ ದೋಸೆ ಹಿಟ್ಟನ್ನು ಚೆಲ್ಲಬೇಡಿ, ಪಡ್ಡು ಮಾಡಿ

ದೋಸೆ, ಇಡ್ಲಿಗೆಂದು ರುಬ್ಬಿದ ಹಿಟ್ಟು ಮನೆಯಲ್ಲಿ ಉಳಿಯುವುದು ಸಾಮಾನ್ಯ. ಬೇಸಿಗೆಯಲ್ಲಂತೂ ಎರಡನೆಯ ದಿನಕ್ಕೇ ಅದು ಬಹಳ ಹುಳಿಯಾಗುತ್ತದೆ. ಆಗ ಹಲವರು ಅದನ್ನು ಚೆಲ್ಲುತ್ತಾರೆ, ಇಲ್ಲವೆ ಹಸುವಿನ ಕಲಗಚ್ಚಿಗೆ ಸುರಿಯುತ್ತಾರೆ. ಚೆಲ್ಲಿದರೆ ಅಕ್ಕಿ, ಉದ್ದು ನಷ್ಟ. ಹಸುವಿಗೆ ಹಾಕಿದರೆ ಹಸುವೇ ನಷ್ಟವಾಗಬಹುದು. ಇಂಥ ಹಿಟ್ಟಿನಿಂದ ರುಚಿಯಾದ ಪಡ್ಡು ಮಾಡಬಹುದು. ಇದಕ್ಕೆ ಕೆಲವೆಡೆ ಗುಂಡುಪಂಗಳ ಎಂದೂ ಹೆಸರುಂಟು.

ಹುಳಿ ಬರುವುದೇಕೆ?

ಅಕ್ಕಿ ಮತ್ತು ಉದ್ದಿನ ಬೇಳೆಯಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಗಳು ಹಿಟ್ಟನ್ನು ಹುದುಗಿಸುತ್ತವೆ. ಇವುಗಳಲ್ಲಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಮುಖ್ಯವಾದುದು. ಇವು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ಉದ್ದಿನ ಲೋಳೆ ಗುಣ ಅನಿಲವನ್ನು ಹಿಡಿದಿಡುವುದರಿಂದ ಹಿಟ್ಟು ಉಬ್ಬುತ್ತದೆ. ಹೊತ್ತು ಕಳೆದಂತೆ ಅನಿಲ ಹೊರಹೋಗಿ ಹಿಟ್ಟು ಇಳಿಯುತ್ತದೆ. ಆಮ್ಲ ಮಾತ್ರ ಹೆಚ್ಚುತ್ತ ಹೋಗುತ್ತದೆ. ಆದುದರಿಂದಲೇ ಹಳೆಯ ಹಿಟ್ಟಿನ ಇಡ್ಲಿ ಗಟ್ಟಿ, ಹುಳಿ. ಪಡ್ಡಿಗೆ ಅಷ್ಟು ಉಬ್ಬು ಬೇಕಿಲ್ಲ. ಹುಳಿಯಿಲ್ಲದ ಹೊಸ ಹಿಟ್ಟು ಬೆರೆಸಿದರೆ ರುಚಿಯೂ ಹದಕ್ಕೆ ಬರುತ್ತದೆ.

ಹುಳಿ ಬೇರೆ, ಕೆಟ್ಟದ್ದು ಬೇರೆ

ಹಿಟ್ಟಿನ ಮೇಲೆ ಕಪ್ಪು, ಹಸಿರು ಅಥವಾ ಗುಲಾಬಿ ಬಣ್ಣದ ಬೂಷ್ಟು ಕಂಡರೆ, ಕೊಳೆತ ವಾಸನೆ ಬಂದರೆ, ಅದನ್ನು ಬಳಸಕೂಡದು. ಮೇಲಿನ ಪದರ ತೆಗೆದರೆ ಸಾಲದು. ಕೆಲವು ಬೂಷ್ಟುಗಳ ವಿಷ ಬೇಯಿಸಿದರೂ ಹೋಗುವುದಿಲ್ಲ.

ಬೇಕಾಗುವ ಸಾಮಗ್ರಿಗಳು

ಹುಳಿಯಾದ ಹಿಟ್ಟು 4 ಲೋಟ, ಸಣ್ಣ ರವೆ ಅಥವಾ ರಾಗಿ ಹಿಟ್ಟು 1 ಲೋಟ, ಈರುಳ್ಳಿ 2, ಹಸಿಮೆಣಸಿನಕಾಯಿ 4, ಜೀರಿಗೆ 1 ಚಮಚ, ಸ್ವಲ್ಪ ತೆಂಗಿನಕಾಯಿ ಚೂರು, ಕರಿಬೇವು, ಕೊತ್ತಂಬರಿ ಸೊಪ್ಪು, ಉಪ್ಪು, ಎಣ್ಣೆ.

ಮಾಡುವ ವಿಧಾನ

1. ಹುಳಿ ಹಿಟ್ಟಿಗೆ ರವೆ ಬೆರೆಸಿ ಅರ್ಧ ಗಂಟೆ ನೆನೆಯಲು ಬಿಡಿ. ಹಿಟ್ಟು ಇಡ್ಲಿ ಹಿಟ್ಟಿನಷ್ಟು ಗಟ್ಟಿಯಿರಲಿ.

2. ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ, ಸೊಪ್ಪು ಮತ್ತು ಉಳಿದ ಸಾಮಗ್ರಿಗಳನ್ನು ಸೇರಿಸಿ. ಹಳೆಯ ಹಿಟ್ಟಿಗೆ ಮೊದಲೇ ಉಪ್ಪು ಹಾಕಿದ್ದರೆ ನೋಡಿಕೊಂಡು ಹಾಕಿ.

3. ಪಡ್ಡಿನ ಹಂಚನ್ನು ಕಾಯಿಸಿ, ಪ್ರತಿ ಗುಳಿಗೆ ಅರ್ಧ ಚಮಚ ಎಣ್ಣೆ ಬಿಟ್ಟು, ಮುಕ್ಕಾಲು ಭಾಗ ಹಿಟ್ಟು ತುಂಬಿ ಮುಚ್ಚಿ.

4. ಮಧ್ಯಮ ಉರಿಯಲ್ಲಿ 3–4 ನಿಮಿಷ ಬೇಯಿಸಿ, ತಿರುವಿ ಹಾಕಿ, ಇನ್ನೊಂದು ಬದಿಯನ್ನು 2 ನಿಮಿಷ ಬೇಯಿಸಿ. ಕಾಯಿ ಚಟ್ನಿಯೊಡನೆ ಬಿಸಿಯಾಗಿ ಬಡಿಸಿ.

ಹುಳಿ ಮುರಿಯಲೆಂದು ಅಡುಗೆ ಸೋಡವನ್ನು ಧಾರಾಳವಾಗಿ ಹಾಕುವ ರೂಢಿ ಒಳ್ಳೆಯದಲ್ಲ. ಸೋಡ ಹೆಚ್ಚಾದರೆ ಪಡ್ಡು ಹಳದಿಯಾಗಿ ಸಾಬೂನಿನ ರುಚಿ ಬರುತ್ತದೆ. ಬಿ1 ಜೀವಸತ್ವವೂ ನಾಶವಾಗುತ್ತದೆ. ಬೇಕೆನಿಸಿದರೆ ಹೊಯ್ಯುವ ಮುನ್ನ ಒಂದು ಚಿಟಿಕೆ ಸಾಕು.

ಹಸುವಿಗೆ ಹಾಕಬೇಡಿ

ರುಬ್ಬಿದ ಅಕ್ಕಿಯ ಪಿಷ್ಟ ಹಸುವಿನ ಮೊದಲ ಹೊಟ್ಟೆಯಲ್ಲಿ ಬಹುಬೇಗ ಹುದುಗಿ ಆಮ್ಲ ಮಿತಿಮೀರುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಭೇದಿಯಾಗಿ ನಿತ್ರಾಣಗೊಂಡು ಮಲಗುತ್ತದೆ, ಸಾಯಲೂಬಹುದು. ಮದುವೆ, ಹಬ್ಬಗಳ ಮರುದಿನ ಈ ಅಪಾಯ ಹೆಚ್ಚು. ಹಸು ಹಿಟ್ಟನ್ನು ಹೆಚ್ಚಾಗಿ ತಿಂದಿದ್ದರೆ ಲಕ್ಷಣ ಕಾಣುವವರೆಗೆ ಕಾಯದೆ ಪಶುವೈದ್ಯರನ್ನು ಕರೆಯಿಸಿ. ಕೆಟ್ಟ ಹಿಟ್ಟನ್ನು ಗೊಬ್ಬರದ ಗುಂಡಿಗೆ ಹಾಕಿ, ದನಗಳ ಬಾಯಿಗೆ ಸಿಗದಂತೆ ಮಣ್ಣು ಮುಚ್ಚಿ.

ಮುಂದಿನ ಸಲ ಹಿಟ್ಟು ಉಳಿಯುವಂತೆ ಕಂಡರೆ, ಹುದುಗಿದ ಕೂಡಲೇ ಶೀತಕ ಪೆಟ್ಟಿಗೆಯಲ್ಲಿಡಿ. ಅದಿಲ್ಲದವರು ಸ್ಟೀಲ್ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿದರೆ ಹುಳಿ ಏರುವುದು ನಿಧಾನವಾಗುತ್ತದೆ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಹಿಟ್ಟನ್ನು ಎಂದೂ ಇಡಬಾರದು.