ಬೆಲ್ ಒತ್ತದ ಅಪ್ಪ

ನಸುಕಿನ ಮೂರೂವರೆ. ಆಸ್ಪತ್ರೆ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ನನಗೆ ಎಚ್ಚರವಾದದ್ದು ಡ್ರಿಪ್ ಸ್ಟ್ಯಾಂಡ್ ಉರುಳಿದ ಸದ್ದಿಗೆ. ಅಪ್ಪ ಬಾತ್‌ರೂಮ್ ಬಾಗಿಲಲ್ಲಿ ಬಿದ್ದಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಹಣೆಗೆ ನಾಲ್ಕು ಹೊಲಿಗೆ ಬಿತ್ತು. ‘ಪಾಪ, ನಿದ್ದೆ ಮಾಡ್ತಿದ್ದೆ, ಯಾಕೆ ಎಬ್ಬಿಸೋದು ಅಂತ...’ ಎಂದರು. ಬೆಲ್‌ನ ಸ್ವಿಚ್ಚು ಮಂಚದ ತಲೆಯ ಹಿಂದೆ ಜೋತಾಡುತ್ತಿತ್ತು. ಕೈಗೆ ಸಿಕ್ಕಿದ್ದರೂ ಅವರು ಒತ್ತುತ್ತಿರಲಿಲ್ಲ ಬಿಡಿ.

ವಾರ್ಡುಗಳಲ್ಲಿ ಎಷ್ಟೋ ಜನ ಬೀಳುವುದು ಹೀಗೆಯೇ, ಒಬ್ಬರೇ ಎದ್ದು ಶೌಚಕ್ಕೆ ಹೊರಟಾಗ. ದಿನಗಟ್ಟಲೆ ಮಲಗಿದವರ ಕಾಲಿನಲ್ಲಿ ಕಸುವಿರುವುದಿಲ್ಲ. ತಟ್ಟನೆ ಎದ್ದರೆ ರಕ್ತ ಕಾಲಿಗಿಳಿದು ಬಿಪಿ ಕುಸಿಯುತ್ತದೆ. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಂಕ ಇಳಿದರೆ ವೈದ್ಯರು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜೊತೆಗೆ ನಿದ್ದೆ ಮಾತ್ರೆಯ ಮಂಪರು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗಿದ್ದರಂತೂ ನಡುರಾತ್ರಿ ಏಳದೆ ವಿಧಿಯಿಲ್ಲ.

ಯಾರು ಬೀಳಬಹುದೆಂದು ಮೊದಲೇ ಲೆಕ್ಕ ಹಾಕುವ ಕ್ರಮವೂ ಇದೆ. ನರ್ಸಿಂಗ್ ಸಂಶೋಧಕಿ ಜಾನಿಸ್ ಮೋರ್ಸ್ ರೂಪಿಸಿದ ಮಾಪಕದಲ್ಲಿ ಡ್ರಿಪ್ ಇದ್ದರೆ 20 ಅಂಕ, ಮೇಜು ಕುರ್ಚಿ ಹಿಡಿದು ನಡೆಯುವವರಿಗೆ 30, ಇನ್ನೊಂದು ಕಾಯಿಲೆಯೂ ಇದ್ದರೆ 15. ಅಪ್ಪನಿಗೆ ಸಕ್ಕರೆ ಕಾಯಿಲೆಯೂ ಸೇರಿ ಮೂರೂ ಇದ್ದವು, ಒಟ್ಟು 65. ಸಾಮಾನ್ಯವಾಗಿ 45 ಮುಟ್ಟಿದರೇ ಅಪಾಯ ಹೆಚ್ಚು ಎನ್ನುತ್ತಾರೆ. ಈ ಲೆಕ್ಕ ಆಸ್ಪತ್ರೆಗೂ ಗೊತ್ತಿತ್ತು, ಕೈಗೆ ಹಳದಿ ಪಟ್ಟಿ ಕಟ್ಟಿದ್ದರು. ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಯ ಆಸ್ಪತ್ರೆಗಳು ಯಾರು ಬಿದ್ದರೂ ದಾಖಲಿಸಬೇಕು. ಅಪ್ಪನೂ ಯಾವುದೋ ರಿಜಿಸ್ಟರಿನಲ್ಲಿ ಒಂದು ಸಾಲಾಗಿರಬೇಕು.

ಬಿದ್ದ ಮೇಲೆ ನಮಗೆಲ್ಲ ಮೊದಲು ನೆನಪಾಗುವುದು ಮಂಚದ ಕಂಬಿ. ಎರಡೂ ಕಡೆ ಏರಿಸಿಬಿಟ್ಟರೆ ನಿಶ್ಚಿಂತೆ ಅಂದುಕೊಳ್ಳುತ್ತೇವೆ. ಆದರೆ ಅವಸರವಾದವರು, ರಾತ್ರಿ ಗಲಿಬಿಲಿಗೊಳ್ಳುವ ವಯಸ್ಸಾದವರು ಕಂಬಿಯನ್ನೇ ಹತ್ತಿ ದಾಟಲು ನೋಡುತ್ತಾರೆ. ಆಗ ಇನ್ನೂ ಎತ್ತರದಿಂದ ಬೀಳುತ್ತಾರೆ.

ಮಾರನೆಯ ರಾತ್ರಿ ಬೇರೆ ಸಿಸ್ಟರ್ ಬಂದರು. ಅವರು ‘ಬೇಕಾದ್ರೆ ಕರೀರಿ’ ಎನ್ನಲೇ ಇಲ್ಲ. ಹನ್ನೊಂದು ಗಂಟೆಗೆ ಬಂದು, ‘ತಾತ, ಏಳಿ, ಒಂದಕ್ಕೆ ಹೋಗಿ ಬರೋಣ’ ಎಂದರು. ಮಂಚ ತಗ್ಗಿಸಿ, ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿದರು. ಅಡಿ ಸವೆದ ಹವಾಯಿ ಚಪ್ಪಲಿಯನ್ನು ಕಾಲಿನಿಂದಲೇ ಮಂಚದಡಿಗೆ ತಳ್ಳಿ, ನನ್ನ ಸ್ಯಾಂಡಲ್ ಹಾಕಿಸಿದರು. ‘ಈಗ ಬೇಡ ಕಣಮ್ಮ’ ಎನ್ನುತ್ತಲೇ ಅಪ್ಪ ಅವರ ತೋಳು ಹಿಡಿದು ಎದ್ದರು. ಎರಡು ಗಂಟೆಗೆ ಅವರು ಮತ್ತೆ ಬಂದಾಗ ಅಪ್ಪ ಆಗಲೇ ಕಾಲು ಇಳಿಬಿಟ್ಟು ಕೂತಿದ್ದರು.