ಸಸ್ಯಾಹಾರದಲ್ಲಿ ಕಬ್ಬಿಣದ ಸತ್ತ್ವ

ಸಸ್ಯಗಳಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಿಕೊಳ್ಳಲಾರದು. ಕಾಳುಗಳಲ್ಲಿರುವ ಫೈಟೇಟ್ ಎಂಬ ದ್ರವ್ಯವು ಅದನ್ನೂ ಸತುವನ್ನೂ ಬಂಧಿಸಿಡುವುದೇ ಇದಕ್ಕೊಂದು ಮುಖ್ಯ ಕಾರಣ. ಆದರೆ ಹೆಸರುಕಾಳನ್ನೋ ಹುರುಳಿಯನ್ನೋ ನೆನೆಸಿ ಮೊಳಕೆ ಕಟ್ಟಿದಾಗ ಫೈಟೇಟ್ ಕ್ಷೀಣಿಸುವುದರಿಂದಲೂ, ಆ ಮೊಳಕೆಯ ಕೋಸಂಬರಿಗೆ ಹಿಂಡಿದ ನಿಂಬೆಯ ರಸದಲ್ಲಿನ ಸಿ ಜೀವಸತ್ತ್ವವು ಕಬ್ಬಿಣದ ಹೀರಿಕೆಗೆ ನೆರವಾಗುವುದರಿಂದಲೂ, ನಮ್ಮ ಹಿರಿಯರ ಈ ಸರಳ ಪಾಕಕ್ರಮವು ಯಾವ ದುಬಾರಿ ಪುಷ್ಟಿಚೂರ್ಣಕ್ಕಿಂತಲೂ ಆದರಣೀಯವೆಂದು ನನ್ನ ನಂಬಿಕೆ. ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕೆನ್ನುವ ನಮ್ಮ ದೇಶದ ಪೋಷಣಶಾಸ್ತ್ರಜ್ಞರು, ಮುಟ್ಟಾಗುವ ವಯಸ್ಸಿನ ಸ್ತ್ರೀಗೆ 29 ಬೇಕೆನ್ನುತ್ತಾರೆ. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ತಾಯಂದಿರ ಸ್ಥಿತಿಯನ್ನು ನೆನೆದರೆ ಮನಸ್ಸು ನೋಯುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾಗಳು ಕಬ್ಬಿಣದ ಹೀರಿಕೆಯನ್ನು ಕುಗ್ಗಿಸುವುದರಿಂದ ಅವನ್ನು ಒಂದು ಗಂಟೆಯಾದರೂ ಮುಂದೂಡತಕ್ಕದ್ದು.